ತಿಳಿನೀರು, ತಿಳಿದ ನೀರು

ಸಿಹಿನೀರಿನ ಬಾವಿ, ಉಪ್ಪುನೀರಿನ ಬಾವಿ ಎಂಬ ಎರಡು ಹೆಸರುಗಳಿಲ್ಲದ ಊರು ಕನ್ನಡ ನಾಡಿನಲ್ಲಿ ವಿರಳ. ಆ ಹೆಸರುಗಳನ್ನಿಟ್ಟವರು ರಸಾಯನಶಾಸ್ತ್ರವನ್ನು ಓದಿದವರಲ್ಲ. ನಸುಕಿನಲ್ಲೆದ್ದು ರಾಟೆಗೆ ಹಗ್ಗವೇರಿಸಿ, ಎರಡು ಕೊಡ ನೀರು ಸೇದಿ, ಒಂದನ್ನು ತಲೆಯ ಮೇಲೂ ಮತ್ತೊಂದನ್ನು ಸೊಂಟದಲ್ಲಿಯೂ ಇಟ್ಟುಕೊಂಡು ಮನೆಗೆ ನಡೆದ ಹೆಂಗಸರು. ಯಾವ ಬಾವಿಯ ನೀರಿನಲ್ಲಿ ತೊಗರಿಬೇಳೆ ಬೇಗನೆ ಬೇಯುವುದು, ಯಾವುದರಲ್ಲಿ ಎಷ್ಟು ಸೌದೆ ಸುಟ್ಟರೂ ಬೇಳೆಯು ಬೇಳೆಯಾಗಿಯೇ ಉಳಿಯುವುದು, ಯಾವ ನೀರಿನಲ್ಲಿ ಸಾಬೂನು ನೊರೆಗಟ್ಟುವುದು, ಯಾವ ನೀರು ಹಂಡೆಯ ಒಳಮೈಗೆ ಬಿಳಿಯ ಹಕ್ಕಳೆಯನ್ನು ಕಟ್ಟುವುದು ಎಂಬುದನ್ನೆಲ್ಲ ಅವರು ತಾಯಿಯಿಂದಲೂ ಅತ್ತೆಯಿಂದಲೂ ಕಲಿತಿದ್ದರು. ಈ ವಿದ್ಯೆ ಸುಳ್ಳಲ್ಲ. ನೀರಿನ ಗಡಸುತನವನ್ನೂ ಲವಣಾಂಶವನ್ನೂ ಕುರಿತು ಪ್ರಯೋಗಶಾಲೆಯು ಇಂದು ಹೇಳುವುದನ್ನೇ ಅಂದು ಅಡಿಗೆಮನೆಯ ಒಲೆಯೂ ಹೇಳುತ್ತಿತ್ತು. ಆದರೆ ನೀರಿಗೆ ಇನ್ನೊಂದು ದೋಷವುಂಟು. ಅದು ನಾಲಗೆಗೆ ಸಿಕ್ಕದು, ಮೂಗಿಗೆ ತಾಕದು, ಕಣ್ಣಿಗೆ ಕಾಣದು. ಬೇಳೆಯನ್ನು ಬೆಣ್ಣೆಯಂತೆ ಬೇಯಿಸುವ ಸಿಹಿನೀರೇ, ಕಾಯಿಸದೆ ಕುಡಿದಾಗ, ಒಂದು ವಾರದೊಳಗೆ ಇಡೀ ಕೇರಿಯನ್ನು ಮಲಗಿಸಿಬಿಡಬಲ್ಲದು. ಆ ದೋಷವನ್ನು ಕಾಣಿಸಿಕೊಡಬಲ್ಲ ಸಾಕ್ಷಿಯೊಂದಕ್ಕಾಗಿ ಮನುಷ್ಯನು ಮಾಡಿದ ಅನ್ವೇಷಣೆಯ ಕಥೆಯೇ ಈ ಪ್ರಬಂಧದ ವಸ್ತು.

ನೀರನ್ನು ಶುದ್ಧಗೊಳಿಸುವ ವಿಚಾರದಲ್ಲಿ ನಮ್ಮ ಪೂರ್ವಿಕರು ಉದಾಸೀನರಾಗಿರಲಿಲ್ಲ. ಸುಶ್ರುತಸಂಹಿತೆಯು ಕದಡಿದ ನೀರನ್ನು ತಿಳಿಗೊಳಿಸುವ ವಸ್ತುಗಳು ಏಳೆಂದು ಎಣಿಸಿ, ಕತಕ, ಗೋಮೇದಕ, ತಾವರೆಯ ಗೆಡ್ಡೆ, ಪಾಚಿಯ ಬೇರು, ಬಟ್ಟೆ, ಮುತ್ತು, ಮಣಿ ಎಂದು ಅವುಗಳನ್ನು ಹೆಸರಿಸುತ್ತದೆ. ಕೆಟ್ಟ ನೀರನ್ನು ಬೆಂಕಿಯ ಮೇಲೆ ಕುದಿಸುವುದು, ಬಿಸಿಲಿನಲ್ಲಿ ಕಾಯಿಸುವುದು, ಕಾದ ಕಬ್ಬಿಣದ ಗುಂಡನ್ನಾಗಲಿ ಮರಳನ್ನಾಗಲಿ ಅದರಲ್ಲಿ ಆರಿಸುವುದು ಎಂಬ ಉಪಾಯಗಳನ್ನೂ ವಿಧಿಸುತ್ತದೆ. ಅಲ್ಲಿ ಕತಕವೆಂದು ಕರೆದಿರುವುದು ನಮ್ಮ ಕಾಡುಗಳ ಚಿಲ್ಲದ ಮರದ ಬೀಜವನ್ನು. ಅದನ್ನು ಮಡಕೆಯ ಒಳಮೈಗೆ ತೇಯ್ದು ನೀರು ತುಂಬಿಟ್ಟರೆ ಕದಡು ಹೆಪ್ಪುಗೂಡಿ ತಳಕ್ಕಿಳಿಯುತ್ತದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಂತರ್ಜಲವನ್ನು ಕುರಿತ ದಕಾರ್ಗಲವೆಂಬ ಅಧ್ಯಾಯವಿದ್ದು, ಅದರಲ್ಲಿ ಬಾವಿಗೇ ಹಾಕತಕ್ಕ ಚೂರ್ಣವೊಂದನ್ನು ಹೇಳಿದೆ: ಅಂಜನ, ಭದ್ರಮುಷ್ಟಿ, ಲಾಮಂಚ, ರಾಜಕೋಶಾತಕ, ನೆಲ್ಲಿ, ಕತಕಗಳ ಮಿಶ್ರಣವು ಕದಡಿದ, ಕಹಿಯಾದ, ಉಪ್ಪಾದ, ದುರ್ಗಂಧವುಳ್ಳ ನೀರನ್ನು ನಿರ್ಮಲವೂ ರುಚಿಕರವೂ ಆಗಿ ಮಾಡುವುದೆಂದು ಅದರ ಅಭಿಪ್ರಾಯ. ಕನ್ನಡದಲ್ಲಿಯೇ, ಚಾಲುಕ್ಯರ ಆಳ್ವಿಕೆಯಲ್ಲಿ, 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ನೆಲದೊಳಗಣ ನೀರನ್ನು ಗುರುತಿಸುವ ವಿದ್ಯೆಗೆ ಸ್ಥಾನವನ್ನು ಕೊಟ್ಟಿದೆ. ಗ್ರಂಥಗಳನ್ನರಿಯದ ಊರುಗಳಲ್ಲಿಯೂ ಬೇಸಗೆಯಲ್ಲಿ ಬಾವಿಯ ಹೂಳೆತ್ತಿಸುವುದು, ನೆಲ್ಲಿಯ ಕೊಂಬೆಯನ್ನು ಇಳಿಬಿಡುವುದು, ಸುಣ್ಣವನ್ನು ಹಾಕುವುದು, ಬಟ್ಟೆಯಲ್ಲಿ ಸೋಸದೆ ನೀರನ್ನು ಬಿಂದಿಗೆಗೆ ತುಂಬದಿರುವುದು ಮೊದಲಾದ ಆಚಾರಗಳು ನಡೆದುಕೊಂಡು ಬಂದುವು.

ಈ ಉಪಾಯಗಳಲ್ಲಿ ಕುದಿಸುವುದು ರೋಗಾಣುಗಳನ್ನು ನಿಜವಾಗಿ ಕೊಲ್ಲತಕ್ಕದ್ದು. ಉಳಿದುವುಗಳಲ್ಲಿ ಬಹುಪಾಲು ನೀರನ್ನು ತಿಳಿಗೊಳಿಸತಕ್ಕವು. ಕನ್ನಡದಲ್ಲಿ ‘ತಿಳಿ’ ಎಂಬ ಒಂದೇ ಮಾತು ನೈರ್ಮಲ್ಯವನ್ನೂ ಅರಿವನ್ನೂ ಸೂಚಿಸುತ್ತದೆ. ಕದಡು ಇಳಿದು ತಳ ಕಂಡರೆ ನೀರೂ ತಿಳಿಯಾಯಿತು, ಅದರ ಗುಣವೂ ತಿಳಿದಂತಾಯಿತು ಎಂದು ನಂಬುವುದು ಈ ಮಾತನ್ನಾಡುವವರಿಗೆ ಅತ್ಯಂತ ಸಹಜ. ಆದರೆ ತಿಳಿನೀರು ಬೇರೆ, ತಿಳಿದ ನೀರು ಬೇರೆ. ಈ ಭೇದವು ಲೋಕಕ್ಕೆ ಮನವರಿಕೆಯಾಗುವುದಕ್ಕೆ ಹತ್ತೊಂಬತ್ತನೆಯ ಶತಮಾನವು ಬರಬೇಕಾಯಿತು. ಅದು ಮನವರಿಕೆಯಾದುದೂ ಒಂದು ಬಾವಿಯ ಕಟ್ಟೆಯ ಬಳಿಯಲ್ಲಿಯೇ.

ಲಂಡನ್ನಿನ ಸೋಹೋ ಎಂಬ ಕಿಕ್ಕಿರಿದ ಪೇಟೆಯ ಬ್ರಾಡ್ ಸ್ಟ್ರೀಟಿನಲ್ಲಿ ಕೈಪಂಪನ್ನು ಅಳವಡಿಸಿದ ಬಾವಿಯೊಂದಿತ್ತು. 1854ರ ಆಗಸ್ಟ್ ತಿಂಗಳ ಕೊನೆಯ ರಾತ್ರಿ ಅದರ ಸುತ್ತಣ ಮನೆಗಳಲ್ಲಿ ಕಾಲರಾ ಭುಗಿಲೆದ್ದು, ಹತ್ತು ದಿನಗಳಲ್ಲಿ ಐನೂರಕ್ಕಿಂತ ಹೆಚ್ಚು ಮಂದಿಯನ್ನು ಬಲಿತೆಗೆದುಕೊಂಡಿತು. ಕಾಲರಾ ಕೆಟ್ಟ ಗಾಳಿಯಿಂದ ಬರುವುದೆಂದು ಬಹುಪಾಲು ವೈದ್ಯರು ನಂಬಿದ್ದ ಕಾಲದಲ್ಲಿ, ಅದು ನೀರಿನಿಂದ ಬರುವುದೆಂದು 1849ರಲ್ಲಿಯೇ ಬರೆದಿದ್ದ ಜಾನ್ ಸ್ನೋ ಎಂಬ ವೈದ್ಯನು ಆ ಬಾವಿಯನ್ನು ಶಂಕಿಸಿ, ಅದರ ನೀರನ್ನು ಪಾತ್ರೆಯಲ್ಲಿ ಹಿಡಿದು ಪರೀಕ್ಷಿಸಿದನು. ನೀರು ತಿಳಿಯಾಗಿತ್ತು. ಅದರಲ್ಲಿ ಹೇಳಿಕೊಳ್ಳುವಂಥ ಮಲಿನವಾವುದೂ ಕಾಣದೆ, ತನ್ನ ತೀರ್ಮಾನದಲ್ಲಿ ತಾನೇ ಅನುಮಾನಿಸುವಂತಾಯಿತೆಂದು ಅವನು ಪ್ರಾಮಾಣಿಕವಾಗಿ ಬರೆದಿದ್ದಾನೆ. ನೀರು ಸಾಕ್ಷ್ಯವನ್ನು ಕೊಡಲೊಲ್ಲದೆ ಹೋದಾಗ ಅವನು ಸತ್ತವರ ಮನೆಗಳನ್ನು ಸಾಕ್ಷಿಗೆ ಕರೆದನು. ಬಾವಿಯ ಹತ್ತಿರವೇ ಇದ್ದ ಬೀದಿಯ ಮದ್ಯದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು ಆ ಪಂಪಿನ ನೀರನ್ನು ಕುಡಿಯುತ್ತಿರಲಿಲ್ಲ, ಅವರು ಉಳಿದರು. ತನ್ನದೇ ಬಾವಿಯಿದ್ದ ಬಡವರ ದುಡಿಮೆಯ ಆಶ್ರಯಮನೆಯಲ್ಲಿ ಐನೂರಕ್ಕೂ ಹೆಚ್ಚು ಜನರಿದ್ದು, ಸತ್ತವರು ಐವರು ಮಾತ್ರ. ಎಲ್ಲಕ್ಕಿಂತ ಮನಸ್ಸನ್ನು ಕಲಕುವ ಸಾಕ್ಷ್ಯವೆಂದರೆ ಹ್ಯಾಂಪ್‌ಸ್ಟೆಡ್ಡಿನಲ್ಲಿ ದೂರವಾಗಿ ವಾಸಿಸುತ್ತಿದ್ದ ಒಬ್ಬ ವಿಧವೆಯದು: ಹಿಂದೆ ಸೋಹೋದಲ್ಲಿದ್ದ ಆಕೆಗೆ ಆ ಬಾವಿಯ ನೀರಿನ ರುಚಿ ಅಷ್ಟು ಪ್ರಿಯವಾಗಿದ್ದುದರಿಂದ, ದಿನವೂ ಬಂಡಿಯಲ್ಲಿ ಒಂದು ಸೀಸೆ ನೀರನ್ನು ತರಿಸಿಕೊಳ್ಳುತ್ತಿದ್ದಳು, ಆ ನೀರನ್ನು ಕುಡಿದು ಆಕೆಯೂ, ಆಕೆಯನ್ನು ನೋಡಲು ಬಂದಿದ್ದ ಸೋದರಸಂಬಂಧದ ಹುಡುಗಿಯೂ ಸತ್ತರು. ಸಿಹಿನೀರೆಂಬ ಪ್ರೀತಿಯೇ ಆಕೆಗೆ ಮೃತ್ಯುವಾಯಿತು.

ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಿದರು. ಸ್ನೋವಿನ ವಾದವನ್ನು ಮೊದಲು ಒಪ್ಪದಿದ್ದ ಹೆನ್ರಿ ವೈಟ್‌ಹೆಡ್ ಎಂಬ ಯುವ ಪಾದ್ರಿಯು, ತಾನು ಪರಿಚಯದಿಂದ ಬಲ್ಲ ಮನೆಗಳನ್ನು ಒಂದೊಂದಾಗಿ ವಿಚಾರಿಸುತ್ತ ಹೋಗಿ, ಬಾವಿಗೆ ಎದುರಾಗಿದ್ದ ಮನೆಯಲ್ಲಿ ಬೇನೆಬಿದ್ದ ಹಸುಗೂಸಿನ ಬಟ್ಟೆಗಳನ್ನು ತೊಳೆದ ನೀರನ್ನು ಮನೆಯ ಮುಂದಣ ಮಲಗುಂಡಿಗೆ ಸುರಿಯುತ್ತಿದ್ದರೆಂಬುದನ್ನು ಕಂಡುಹಿಡಿದನು. ಅಗೆದು ನೋಡಿದಾಗ ಆ ಗುಂಡಿಯ ಇಟ್ಟಿಗೆಗಳು ಶಿಥಿಲವಾಗಿ, ಅದಕ್ಕೂ ಬಾವಿಗೂ ಮೂರು ಅಡಿಗಿಂತ ಕಡಮೆ ಅಂತರವಿದ್ದುದು ಗೊತ್ತಾಯಿತು. ಅದೇ 1854ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಫಿಲಿಪ್ಪೊ ಪಾಚೀನಿ ಎಂಬ ವಿದ್ವಾಂಸನು ಕಾಲರಾದಿಂದ ಸತ್ತವರ ಕರುಳಿನಲ್ಲಿ ಬಾಗಿದ ಸೂಕ್ಷ್ಮಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದ್ದನು. ಆದರೆ ಅದನ್ನು ಕೇಳುವವರಿರಲಿಲ್ಲ. ಅಪರಾಧಿಯನ್ನು ಒಬ್ಬನು, ಅಪರಾಧದ ಸ್ಥಳವನ್ನು ಇನ್ನೊಬ್ಬನು ಕಂಡಿದ್ದರೂ ಇವೆರಡನ್ನೂ ಕೂಡಿಸುವುದಕ್ಕೆ ಮೂವತ್ತು ವರ್ಷಗಳು ಹಿಡಿದುವು. 1883ರಲ್ಲಿ ಈಜಿಪ್ಟಿಗೂ ಅಲ್ಲಿಂದ ಕಲ್ಕತ್ತೆಗೂ ಬಂದ ಜರ್ಮನಿಯ ರಾಬರ್ಟ್ ಕಾಖನು, 1884ರ ಆರಂಭದಲ್ಲಿ, ಜನರು ಮೀಯುವ, ಬಟ್ಟೆಯೊಗೆಯುವ, ಕುಡಿಯಲೂ ಉಪಯೋಗಿಸುವ ಕಲ್ಕತ್ತೆಯ ಕೊಳವೊಂದರ ನೀರಿನಲ್ಲಿಯೇ ಕಾಲರಾದ ಜೀವಾಣುವಾದ ವಿಬ್ರಿಯೋವನ್ನು ಗುರುತಿಸಿದನು.

ಕಾಖನು ರೂಪಿಸಿದ ಫಲಕಕೃಷಿಯ ವಿಧಾನದಿಂದ ನೀರಿನ ಜೀವಾಣುಗಳನ್ನು ಎಣಿಸುವುದು ಸಾಧ್ಯವಾಯಿತು: ಗಟ್ಟಿಯಾದ ಪೋಷಕದ್ರವ್ಯದ ಮೇಲೆ ಒಂದು ಹನಿ ನೀರನ್ನು ಹರಡಿ ಬೆಚ್ಚಗಿಟ್ಟರೆ, ಒಂದೊಂದು ಜೀವಾಣುವೂ ಬೆಳೆದು ಕಣ್ಣಿಗೆ ಕಾಣುವ ಒಂದೊಂದು ಚುಕ್ಕೆಯಾಗುತ್ತದೆ. ಆದರೆ ಹಾಗೆ ಎಣಿಸಬಲ್ಲ ಪ್ರಯೋಗಶಾಲೆಗಳು ರಾಜಧಾನಿಗಳಲ್ಲಿದ್ದುವು, ಕಾಲರಾ ಹಳ್ಳಿಗಳಲ್ಲಿತ್ತು. ಗೊಬ್ಬರಗುಂಡಿಯ ಪಕ್ಕದ ಬಾವಿ, ಇಳಿದು ಕಾಲಿಟ್ಟು ತುಂಬಿಕೊಳ್ಳುವ ಮೆಟ್ಟಿಲುಬಾವಿ, ಜಾತ್ರೆಯ ದಿನ ಸಾವಿರ ಹಗ್ಗಗಳೂ ಸಾವಿರ ಚೆಂಬುಗಳೂ ಇಳಿಯುವ ಗುಡಿಯ ಬಾವಿ, ಇವುಗಳಲ್ಲಿ ಯಾವುದು ನಿರ್ದೋಷಿ, ಯಾವುದು ದೋಷಿ ಎಂದು ಅಲ್ಲಿಯೇ, ಆಗಲೇ ಹೇಳುವ ಸಾಕ್ಷಿ ಬೇಕಾಗಿತ್ತು.

ಅಂಥ ಸಾಕ್ಷಿಯನ್ನು ಮೊದಲು ಭಾರತದ ಬಾವಿಗೆ ಇಳಿಸಿದವನು ಅರ್ನೆಸ್ಟ್ ಹ್ಯಾನ್‌ಬರಿ ಹ್ಯಾಂಕಿನ್. ಕೇಂಬ್ರಿಜ್ಜಿನಲ್ಲಿ ಓದಿ, 1892ರಲ್ಲಿ ಆಗ್ರಾಕ್ಕೆ ಸರ್ಕಾರದ ರಾಸಾಯನಿಕ ಪರೀಕ್ಷಕನಾಗಿ ಬಂದ ಈತನು ಗಂಗಾ ಯಮುನೆಗಳ ನೀರು ಕಾಲರಾದ ವಿಬ್ರಿಯೋವನ್ನು ಕೊಲ್ಲುವುದನ್ನು ಕಂಡು 1896ರಲ್ಲಿ ವರದಿ ಮಾಡಿದುದಕ್ಕಾಗಿ ವಿದ್ವಾಂಸರಲ್ಲಿ ಪ್ರಸಿದ್ಧನಾಗಿದ್ದಾನೆ; ಆದರೆ ಸಾಮಾನ್ಯ ಜನರ ಬದುಕಿಗೆ ಹತ್ತಿರವಾದುದು ಅವನ ಇನ್ನೊಂದು ಕೆಲಸ, ಬಾವಿಗಳಿಗೆ ಪೊಟ್ಯಾಸಿಯಂ ಪರ್ಮಾಂಗನೇಟನ್ನು ಹಾಕಿಸಿದುದು. ಉತ್ತರ ಹಿಂದೂಸ್ಥಾನದವರು ಲಾಲ್ ದವಾ ಎಂದು ಕರೆದ ಈ ಹರಳು ಒಂದು ಚಿಟಿಕೆಯಷ್ಟಿದ್ದರೂ ಒಂದು ಕೊಡ ನೀರಿಗೆ ನೇರಿಳೆ ಬಣ್ಣವನ್ನು ತರುತ್ತದೆ. ಅದನ್ನು ಬಕೀಟಿನಲ್ಲಿ ಕರಗಿಸಿ, ಬಕೀಟನ್ನು ಬಾವಿಯೊಳಕ್ಕೆ ಇಳಿಸಿ, ಮೇಲಕ್ಕೂ ಕೆಳಕ್ಕೂ ಆಡಿಸಿ ನೀರನ್ನೆಲ್ಲ ಕಲಸಿ, ರಾತ್ರಿಯಿಡೀ ಬಿಡಬೇಕು. ನೀರಿನಲ್ಲಿ ಕೊಳೆತ ಜೈವಿಕ ವಸ್ತುವಿದ್ದರೆ ಔಷಧವು ಅದರೊಡನೆ ಸೆಣಸಿ ತಾನೇ ವ್ಯಯವಾಗುವುದರಿಂದ ಬಣ್ಣವು ಅಳಿಯುತ್ತದೆ; ಆಗ ಮತ್ತಷ್ಟು ಹಾಕಬೇಕು. ಬೆಳಗಾದ ಮೇಲೂ ನಸುಗೆಂಪು ಬಣ್ಣ ನಿಂತಿದ್ದರೆ ಔಷಧವು ಸಾಕಾಗಿದೆಯೆಂದು ಅರ್ಥ. ಹೀಗೆ ಒಂದೇ ವಸ್ತುವು ಔಷಧವೂ ಆಯಿತು, ಸಾಕ್ಷಿಯೂ ಆಯಿತು. ಅಕ್ಷರ ಬಾರದವನೂ ಬಾವಿಯೊಳಕ್ಕೆ ಬಗ್ಗಿ ನೋಡಿ ಓದಬಲ್ಲ ಸಾಕ್ಷ್ಯವಾಯಿತು. ಕಣ್ಣಿಗೆ ಕಾಣದ ಶತ್ರುವಿನೊಡನೆ ನಡೆಯುವ ಹೋರಾಟವನ್ನು ಹಳ್ಳಿಯ ಕಣ್ಣು ಮೊಟ್ಟಮೊದಲು ಬಣ್ಣವಾಗಿ ಕಂಡುದು ಇಲ್ಲಿ.

ಈ ಪದ್ಧತಿಯು ದೇಶದ ನಾನಾ ಭಾಗಗಳಿಗೆ ಹಬ್ಬಿ, ಜಾತ್ರೆಗಳಲ್ಲಿಯೂ ಕಾಲರಾದ ಕಾಲದಲ್ಲಿಯೂ ಬಾವಿಗಳನ್ನು ಕೆಂಪಾಗಿಸುವುದು ಆರೋಗ್ಯಾಧಿಕಾರಿಗಳ ವಾಡಿಕೆಯಾಯಿತು. ತಾವು ದೇವರ ಪೂಜೆಗೆ ತರುವ ನೀರು ಹೊತ್ತು ಹುಟ್ಟುವಷ್ಟರಲ್ಲಿ ಬಣ್ಣಗೆಟ್ಟುದನ್ನು ಕಂಡ ಜನರು ಬೆದರಿದುದರಲ್ಲಿ ಆಶ್ಚರ್ಯವಿಲ್ಲ. ಕಾರಣವನ್ನು ಅವರ ಮಾತಿನಲ್ಲಿ ಕುಳಿತು ವಿವರಿಸದೆ ಬಾವಿಗೆ ಕೈಯಿಕ್ಕಿದ ಸರ್ಕಾರವು ಔಷಧದೊಡನೆ ಸಂಶಯವನ್ನೂ ಬೆರಸಿತೆಂದೇ ಹೇಳಬೇಕು. ಔಷಧಕ್ಕೂ ಮಿತಿಯಿತ್ತು: ಅದು ಕಾಲರಾದ ವಿಬ್ರಿಯೋವಿಗೆ ಮಾರಕವಾದರೂ ವಿಷಮಶೀತಜ್ವರವೇ ಮುಂತಾದುವುಗಳ ಜೀವಾಣುಗಳ ಮೇಲೆ ನಂಬತಕ್ಕಷ್ಟು ಬಲವುಳ್ಳದ್ದಲ್ಲವೆಂದು ಮುಂದಿನವರು ಕಂಡರು, ಬಣ್ಣವು ಔಷಧ ಉಳಿದಿದೆಯೆಂಬುದನ್ನು ಹೇಳಿತೇ ಹೊರತು ರೋಗಾಣು ಅಳಿದಿದೆಯೆಂಬುದನ್ನು ಹೇಳಲಿಲ್ಲ.

ರೋಗಾಣುವನ್ನೇ ಹುಡುಕುವುದಾದರೂ ಸುಲಭವೆ? ಒಂದು ಬಾವಿಯ ನೀರಿನಲ್ಲಿ ವಿಷಮಶೀತಜ್ವರದ ಜೀವಾಣುಗಳು ಕೆಲವೇ ಇರಬಹುದು. ತೆಗೆದುಕೊಂಡ ಸೀಸೆಯಲ್ಲಿ ಅವು ಸಿಕ್ಕದೆಯೂ ಹೋಗಬಹುದು. ಸಿಕ್ಕುವಷ್ಟರಲ್ಲಿ ಊರು ಹಾಸಿಗೆ ಹಿಡಿದಿರಬಹುದು. ಇಲ್ಲಿ ವಿಜ್ಞಾನಿಗಳು ಹಿಡಿದ ಮಾರ್ಗವು ನಮ್ಮ ತರ್ಕಶಾಸ್ತ್ರದ ಅನುಮಾನಪ್ರಮಾಣವನ್ನು ನೆನಪಿಗೆ ತರುತ್ತದೆ: ಬೆಟ್ಟದ ಮೇಲಣ ಬೆಂಕಿ ಕಾಣದಿದ್ದರೂ ಹೊಗೆಯು ಕಂಡರೆ ಬೆಂಕಿಯುಂಟೆಂದು ನಿಶ್ಚಯಿಸುವಂತೆ, ರೋಗಾಣುವನ್ನು ಬಿಟ್ಟು ಅದರ ಸಹವಾಸಿಯನ್ನು ಅವರು ಹುಡುಕಿದರು. 1885ರಲ್ಲಿ ಥಿಯೊಡೋರ್ ಎಷೆರಿಕ್ ಎಂಬ ಮಕ್ಕಳ ವೈದ್ಯನು ಹಸುಗೂಸುಗಳ ಮಲದಲ್ಲಿ ಕಂಡ, ಎಲ್ಲರ ಕರುಳಿನಲ್ಲಿಯೂ ಕೋಟಿಗಟ್ಟಲೆಯಾಗಿ ನೆಲಸಿರುವ ಜೀವಾಣುವು ಆ ಸಹವಾಸಿ. ಇಂದು ಅದಕ್ಕೆ ಅವನ ಹೆಸರನ್ನೇ ಇಟ್ಟು ಎಷೆರಿಕಿಯ ಕೋಲಿ ಎನ್ನುತ್ತಾರೆ. ಅದರ ಬಹುಪಾಲು ತಳಿಗಳು ತಮ್ಮಷ್ಟಕ್ಕೆ ನಿರಪಾಯಕರ. ಆದರೆ ಅದು ಬಾವಿಯಲ್ಲಿ ಕಂಡರೆ ಮಲವು ಬಾವಿಗೆ ದಾರಿ ಮಾಡಿಕೊಂಡಿದೆಯೆಂಬುದು ಸಿದ್ಧವಾಯಿತು. ಮಲ ಬಂದ ದಾರಿಯಲ್ಲಿ ರೋಗವು ಬರುವುದಕ್ಕೆ ಅಡ್ಡಿಯೇನು?

ಈ ಹೊಗೆಯನ್ನು ಕಣ್ಣಿಗೆ ಕಾಣಿಸುವ ಉಪಾಯಗಳು ಒಂದಾದಮೇಲೊಂದು ಬಂದುವು. 1893ರಲ್ಲಿ ಅಮೆರಿಕದ ಥಿಯೋಬಾಲ್ಡ್ ಸ್ಮಿತ್ತನು ಸಕ್ಕರೆಯುಳ್ಳ ದ್ರವದಲ್ಲಿ ಈ ಜೀವಾಣುಗಳು ಅನಿಲವನ್ನು ಹುಟ್ಟಿಸುವುದನ್ನು ನೀರಿನ ಪರೀಕ್ಷೆಗೆ ಬಳಸಿದನು. 1898ರಲ್ಲಿ ಹರ್ಬರ್ಟ್ ಡರ್ಹ್ಯಾಮನು ದೊಡ್ಡ ನಳಿಕೆಯೊಳಗೆ ಬೋರಲಾಗಿ ಇಳಿಬಿಟ್ಟ ಪುಟ್ಟ ನಳಿಕೆಯು ಆ ಅನಿಲವನ್ನು ಗುಳ್ಳೆಯಾಗಿ ಹಿಡಿದಿಡುವಂತೆ ಮಾಡಿದನು. 1905ರಲ್ಲಿ ಆಲ್‌ಫ್ರೆಡ್ ಮೆಕಾಂಕಿಯು, ಕರುಳಿನ ಜೀವಾಣುಗಳು ಮಾತ್ರ ಸಹಿಸಬಲ್ಲ ಪಿತ್ತಲವಣವನ್ನೂ ಹಾಲಿನ ಸಕ್ಕರೆಯನ್ನೂ ಕೆಂಪು ಸೂಚಕವನ್ನೂ ಕೂಡಿಸಿದ ಮಾಧ್ಯಮವನ್ನು ಪ್ರಕಟಿಸಿದನು. ಆ ಸಕ್ಕರೆಯನ್ನು ಹುಳಿಯಿಸುವ ಜೀವಾಣುವಿದ್ದಲ್ಲಿ ಫಲಕದ ಮೇಲೆ ಕೆಂಪು ಚುಕ್ಕೆ ಮೂಡುತ್ತದೆ. ಹಲವು ಅಳತೆಗಳ ನೀರನ್ನು ಹಲವು ನಳಿಕೆಗಳಿಗೆ ಹಾಕಿ, ಮನುಷ್ಯದೇಹದ ಶಾಖವಾದ 37 ಡಿಗ್ರಿಯಲ್ಲಿ 48 ಗಂಟೆ ಇಟ್ಟು, ಎಷ್ಟು ನಳಿಕೆಗಳಲ್ಲಿ ಗುಳ್ಳೆಯೆದ್ದಿದೆಯೆಂಬುದರಿಂದ 100 ಮಿಲಿಲೀಟರಿನಲ್ಲಿರಬಹುದಾದ ಸಂಖ್ಯೆಯನ್ನು ಗಣಿತದಿಂದ ಊಹಿಸುವ ಕ್ರಮವು ಬಳಕೆಗೆ ಬಂದಿತು. ಮದರಾಸಿನ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನಂಥ ಸಂಸ್ಥೆಗಳು ಈ ವಿದ್ಯೆಯನ್ನು ನಮ್ಮ ಕಡೆಗೆ ತಂದುವು. ಬಿಸಿಲೂ ಮಳೆಯೂ ಉಗ್ರವಾದ ಈ ದೇಶದ ನೀರನ್ನು ಇಂಗ್ಲೆಂಡಿನ ಅಳತೆಗೋಲಿನಿಂದಲೇ ಅಳೆಯುವುದು ಸಲ್ಲದೆಂದು ಇಲ್ಲಿ ದುಡಿದ ವಿಲಿಯಂ ಕ್ಲೆಮೆಷಾ ಎಂಬ ವೈದ್ಯಾಧಿಕಾರಿಯು 1912ರಲ್ಲಿ ಉಷ್ಣವಲಯದ ನೀರುಗಳ ಜೀವಾಣುಗಳನ್ನು ಕುರಿತು ಪ್ರತ್ಯೇಕವಾದ ಗ್ರಂಥವನ್ನೇ ಬರೆದನು.

ಸಾಕ್ಷಿಯು ಸಿಕ್ಕಿತು, ಇನ್ನು ಚಿಕಿತ್ಸೆ. ಅದು ಬಂದುದು ಬಟ್ಟೆಯ ಕಾರ್ಖಾನೆಯಿಂದ. ಗ್ಲಾಸ್ಗೋವಿನ ಚಾರ್ಲ್ಸ್ ಟೆನೆಂಟನು 1799ರಲ್ಲಿ, ಅರಳಿದ ಸುಣ್ಣಕ್ಕೆ ಕ್ಲೋರಿನ್ ಅನಿಲವನ್ನು ಉಣಿಸಿ, ಬಟ್ಟೆಯನ್ನು ಬಿಳುಪಾಗಿಸುವ ಪುಡಿಯೊಂದಕ್ಕೆ ಹಕ್ಕುಪತ್ರವನ್ನು ಪಡೆದನು; ಬಟ್ಟೆಗೆ ಚೆಲುವೆ ಮಾಡುವುದರಿಂದ ಕನ್ನಡದ ಪಠ್ಯಪುಸ್ತಕಗಳಲ್ಲಿ ಅದು ಚೆಲುವೆಪುಡಿಯೆನಿಸಿತು, ಜನರ ಬಾಯಲ್ಲಿ ಬ್ಲೀಚಿಂಗ್ ಪೌಡರ್ ಆಗಿಯೇ ಉಳಿಯಿತು. ಬಟ್ಟೆಯ ಕಲೆಯನ್ನು ತೆಗೆಯುವ ಕ್ಲೋರಿನ್ನು ನೀರಿನ ಜೀವಾಣುಗಳನ್ನೂ ಕೊಲ್ಲಬಲ್ಲುದೆಂಬುದು ನೂರು ವರ್ಷಗಳ ಮೇಲೆ ಕಾರ್ಯರೂಪಕ್ಕೆ ಬಂದಿತು: 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್ನಿನಲ್ಲಿಯೂ 1905ರಲ್ಲಿ ಲಿಂಕನ್ನಿನಲ್ಲಿಯೂ ವಿಷಮಶೀತಜ್ವರವು ಹರಡಿದಾಗ ನಗರದ ನೀರಿಗೆ ಕ್ಲೋರಿನ್ ಸಂಯುಕ್ತಗಳನ್ನು ಬೆರಸಿದರು, 1908ರ ಸೆಪ್ಟೆಂಬರಿನಿಂದ ಅಮೆರಿಕದ ಜೆರ್ಸಿ ಸಿಟಿಯಲ್ಲಿ ವೈದ್ಯ ಜಾನ್ ಲೀಲ್ ಅದನ್ನು ನಿತ್ಯದ ಕ್ರಮವಾಗಿಸಿದನು. ಭಾರತದ ಸೇನಾ ವೈದ್ಯಸೇವೆಯಲ್ಲಿದ್ದ ವಿನ್ಸೆಂಟ್ ನೆಸ್‌ಫೀಲ್ಡನು 1903ರಷ್ಟು ಹಿಂದೆಯೇ, ಕ್ಲೋರಿನ್ನನ್ನು ದ್ರವವಾಗಿಸಿ ಉಕ್ಕಿನ ಪಾತ್ರೆಗಳಲ್ಲಿ ತುಂಬಿ ಕುಡಿಯುವ ನೀರಿಗೆ ಬಳಸಬಹುದೆಂದು ಬರೆದಿದ್ದುದು ಸ್ಮರಣೀಯ.

ಆದರೆ ಯಾವ ಬಾವಿಗೆ ಎಷ್ಟು? ಕೊಳೆ ಹೆಚ್ಚಾದ ನೀರು ಕ್ಲೋರಿನ್ನನ್ನು ತಾನೇ ಕುಡಿದುಬಿಡುತ್ತದೆ. ಅದರ ದಾಹ ತೀರಿದ ಮೇಲೆ ಉಳಿದುದಷ್ಟೇ ರಕ್ಷಣೆಗೆ ದೊರಕುವುದು. ಈ ದಾಹವನ್ನು ಅಳೆಯುವುದಕ್ಕೆ ಬ್ರಿಟಿಷ್ ಸೇನೆಯ ವೈದ್ಯ ವಿಲಿಯಂ ಹಾರಕ್ಸನು ರೂಪಿಸಿದ ಪೆಟ್ಟಿಗೆಯು ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಜೊತೆಯಲ್ಲಿ ನಡೆಯಿತು. ಆಮೇಲೆ ನಮ್ಮ ಆರೋಗ್ಯ ಇಲಾಖೆಗಳ ಕೈಗೂ ಬಂದಿತು. ಅದರಲ್ಲಿ ಆರು ಬಿಳಿಯ ಬಟ್ಟಲುಗಳು, ಒಂದು ಕರಿಯ ಬಟ್ಟಲು, ಎರಡು ಗ್ರಾಂ ಹಿಡಿಯುವ ಚಮಚಗಳು. ಕರಿಯ ಬಟ್ಟಲಿನಲ್ಲಿ ಒಂದು ಚಮಚ ಪುಡಿಯನ್ನು ಕದಡಿ, ಬಾವಿಯ ನೀರು ತುಂಬಿದ ಬಿಳಿಯ ಬಟ್ಟಲುಗಳಿಗೆ ಒಂದು ಹನಿ, ಎರಡು ಹನಿ, ಮೂರು ಹನಿ ಎಂದು ಆರರವರೆಗೆ ಹಾಕಿ, ಅರ್ಧಗಂಟೆ ಕಾದು, ಗಂಜಿ ಮತ್ತು ಅಯೊಡೈಡು ಕೂಡಿದ ಸೂಚಕವನ್ನು ಮೂರು ಮೂರು ಹನಿ ಬಿಡಬೇಕು. ಯಾವ ಬಟ್ಟಲಿನಲ್ಲಿ ಮೊದಲು ನೀಲಿಯು ಸ್ಪಷ್ಟವಾಗಿ ಕಾಣುವುದೋ ಅದರ ಸಂಖ್ಯೆಯಷ್ಟು ಚಮಚ ಪುಡಿಯು 455 ಲೀಟರ್ ನೀರಿಗೆ ಸಾಕು. ಮೂರನೆಯದು ನೀಲಿಯಾದರೆ ಆರು ಗ್ರಾಂ.

ಮುಂದೆ ಹಳ್ಳಿಯ ಬಾವಿಗೆ ಸಲ್ಲುವ ಸರಳವಾದ ಕ್ರಮವೊಂದು ಆರೋಗ್ಯಾಧಿಕಾರಿಗಳ ಕೈಪಿಡಿಗಳಲ್ಲಿ ನೆಲೆಗೊಂಡಿತು. ಬಾವಿಯ ಅಗಲವನ್ನೂ ನೀರಿನ ಆಳವನ್ನೂ ಮೀಟರಿನಲ್ಲಿ ಅಳೆದು, ಅಗಲದ ವರ್ಗವನ್ನು ಆಳದಿಂದಲೂ 3.14ರಿಂದಲೂ ಗುಣಿಸಿ ನಾಲ್ಕರಿಂದ ಭಾಗಿಸಿದರೆ ನೀರಿನ ಘನಗಾತ್ರ. ಮೂರು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 28,000 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಮಿನಂತೆ ಬೇಕಾದ ಒಳ್ಳೆಯ ಬ್ಲೀಚಿಂಗ್ ಪೌಡರ್ 70 ಗ್ರಾಂ ಮಾತ್ರ. ಇಡೀ ಬಾವಿಯನ್ನು ಶುದ್ಧಗೊಳಿಸುವ ಪುಡಿಯು ಎರಡು ಬೊಗಸೆಯಷ್ಟೂ ಇಲ್ಲ. ಅದನ್ನು ಬಕೀಟಿನಲ್ಲಿ ಮೊದಲು ಗಟ್ಟಿಯಾಗಿ ಕಲಸಿ, ನೀರು ಸೇರಿಸಿ, ಸುಣ್ಣವು ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬೇರೆ ಬಕೀಟಿಗೆ ಬಸಿದು, ಆ ಬಕೀಟನ್ನು ನೀರಿನ ಮಟ್ಟದ ಕೆಳಕ್ಕಿಳಿಸಿ ಚೆನ್ನಾಗಿ ಆಡಿಸಬೇಕು. ಒಂದು ಗಂಟೆ ಯಾರೂ ಸೇದಕೂಡದು. ಆಮೇಲೆ ಒಂದು ಲೀಟರಿನಲ್ಲಿ ಅರ್ಧ ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೆ ಎಂದು ನೋಡಬೇಕು. ಇದಕ್ಕೆ ಮೊದಲು ಆರ್ಥೊಟಾಲಿಡಿನ್ ಎಂಬ ದ್ರವವು ಬಳಕೆಯಲ್ಲಿದ್ದು, ಉಳಿದ ಕ್ಲೋರಿನ್ನನ್ನು ಅದು ಹಳದಿಯಾಗಿ ತೋರಿಸುತ್ತಿತ್ತು; ಅದು ದೇಹಕ್ಕೆ ಹಾನಿಕರವೆಂದು ತಿಳಿದ ಮೇಲೆ, ಆರ್ಥರ್ ಪೇಲಿನ್ 1957ರಲ್ಲಿ ಪ್ರಕಟಿಸಿದ ಡಿಪಿಡಿ ವಿಧಾನವು ಅದರ ಸ್ಥಾನಕ್ಕೆ ಬಂದಿತು. ಇದರಲ್ಲಿ ಕ್ಲೋರಿನ್ ಇದ್ದರೆ ನೀರು ನಸುಗೆಂಪಾಗುತ್ತದೆ. ಹ್ಯಾಂಕಿನ್ನನು ಆಗ್ರಾದ ಬಾವಿಗಳಿಗೆ ಇಳಿಸಿದ ಬಣ್ಣವು ಅರುವತ್ತು ವರ್ಷಗಳ ಮೇಲೆ ಬೇರೆ ರಸಾಯನದ ರೂಪದಲ್ಲಿ ಬಾವಿಯ ಕಟ್ಟೆಗೆ ಮರಳಿತು.

ಈ ಕಥೆಯನ್ನು ಹೇಳುವಾಗ ಇನ್ನೊಂದು ಅಶುದ್ಧಿಯ ಮಾತನ್ನು ಮುಚ್ಚಿಟ್ಟರೆ ಅದು ಅಸತ್ಯವಾಗುತ್ತದೆ. ಮಲಗುಂಡಿಯ ಒರತೆಯು ಬಾವಿಗೆ ಇಳಿಯುವುದನ್ನು ಶತಮಾನಗಳ ಕಾಲ ಲೆಕ್ಕಿಸದೆ ಇದ್ದ ನಮ್ಮ ಸಮಾಜವು ದಲಿತನ ಕೊಡವು ಬಾವಿಗೆ ಇಳಿಯುವುದನ್ನು ಮಾತ್ರ ಸಹಿಸಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಹಸ್ರಾರು ಜನರೊಡನೆ ಮಹಾಡಿನ ಚವದಾರ ಕೆರೆಯ ನೀರನ್ನು ಮುಟ್ಟಿ ಕುಡಿದಾಗ, ಸಂಪ್ರದಾಯಸ್ಥರು ಆ ಕೆರೆಯು ಮೈಲಿಗೆಯಾಯಿತೆಂದು ಸಗಣಿ ಗಂಜಳಗಳು ಸೇರಿದ ಪಂಚಗವ್ಯವನ್ನು ಅದಕ್ಕೆ ಸುರಿದು ‘ಶುದ್ಧಿ’ ಮಾಡಿದರು. ಆ ವೇಳೆಗೆ ಮೆಕಾಂಕಿಯ ಮಾಧ್ಯಮವು ಬಂದು ಇಪ್ಪತ್ತೆರಡು ವರ್ಷಗಳಾಗಿದ್ದುವು. ಅದರಲ್ಲಿ ಆ ನೀರನ್ನು ಪರೀಕ್ಷಿಸಿದ್ದರೆ, ಮನುಷ್ಯನ ಬೊಗಸೆಯು ತರದ ಕೆಂಪು ಚುಕ್ಕೆಗಳನ್ನು ಆ ಶುದ್ಧಿಕರ್ಮವು ತಂದಿರುತ್ತಿತ್ತು. ನೀರನ್ನು ಮುಟ್ಟಿದವರು ಯಾರೆಂದು ಕೇಳುವ ಶುದ್ಧಿಗೂ, ನೀರಿಗೆ ಸೇರಿದುದು ಏನೆಂದು ಕೇಳುವ ಶುದ್ಧಿಗೂ ಇರುವ ಅಂತರವು ನಮ್ಮ ಎಷ್ಟೋ ಊರುಗಳಲ್ಲಿ ಇನ್ನೂ ಮುಚ್ಚಿಲ್ಲ. ಬೇರೆ ಬೇರೆ ಕೇರಿಗಳಿಗೆ ಬೇರೆ ಬೇರೆ ಬಾವಿಗಳಿದ್ದ ಊರುಗಳಲ್ಲಿ, ಪುಡಿಯೂ ಪರೀಕ್ಷೆಯೂ ಯಾವ ಕೇರಿಗೆ ಕೊನೆಯಲ್ಲಿ ತಲಪುವುವೆಂಬುದನ್ನು ಹೇಳಬೇಕಾಗಿಲ್ಲ.

ಬಾವಿಯ ಕಟ್ಟಡವೂ ಚಿಕಿತ್ಸೆಯ ಒಂದು ಭಾಗವೆ. ಶೌಚಗುಂಡಿಯಿಂದ ಕನಿಷ್ಠ 15 ಮೀಟರ್ ದೂರ, ನೀರು ಜಿನುಗದಂತೆ ಮೇಲಿನ ಆರು ಮೀಟರ್ ಆಳದವರೆಗೆ ಗಾರೆಯ ಗೋಡೆ, ಸೊಂಟದ ಹತ್ತಿರ ಬರುವ ಕಟ್ಟೆ, ಸುತ್ತ ಹೊರಕ್ಕೆ ಇಳಿಜಾರಾದ ಜಗಲಿ, ಚೆಲ್ಲಿದ ನೀರು ಹರಿದುಹೋಗಲು ಕಾಲುವೆ, ಮೇಲೊಂದು ಮುಚ್ಚಳ, ಎಲ್ಲರಿಗೂ ಒಂದೇ ಹಗ್ಗ ಒಂದೇ ಬಕೀಟು: ಇವಿದ್ದ ಬಾವಿಯು ಔಷಧವನ್ನು ಬೇಡುವುದು ಅಪರೂಪ. ಆದರೂ ದಿನದಿನವೂ ಔಷಧ ಬೇಕಾದ ಬಾವಿಗಳಿಗಾಗಿ ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನ ಸಂಸ್ಥೆಯವರು ಕುಂಬಾರನ ಮಡಕೆಗಳನ್ನೇ ಉಪಕರಣವಾಗಿಸಿದರು: ಒಂದು ಕಿಲೋ ಬ್ಲೀಚಿಂಗ್ ಪೌಡರನ್ನೂ ಎರಡು ಕಿಲೋ ದಪ್ಪ ಮರಳನ್ನೂ ಬೆರಸಿ ತೂತುಳ್ಳ ಮಡಕೆಯಲ್ಲಿ ತುಂಬಿ, ಅದನ್ನು ತೂತುಳ್ಳ ಇನ್ನೊಂದು ಮಡಕೆಯೊಳಗಿಟ್ಟು, ನೀರಿನ ಮಟ್ಟದಿಂದ ಒಂದು ಮೀಟರ್ ಕೆಳಗೆ ತೂಗಬಿಟ್ಟರೆ, ಮನೆಯ ಬಾವಿಯೊಂದಕ್ಕೆ ಎರಡು ಮೂರು ವಾರ ಕ್ಲೋರಿನ್ನು ಸಣ್ಣಗೆ ಒಸರುತ್ತಿರುತ್ತದೆ.

ಇದಾದ ಮೇಲೆ ಸಾಕ್ಷಿಯೂ ಹಳ್ಳಿಗೆ ಬಂದಿತು. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದ ಮಾಂಜಾ, ಮೌರ್ಯ, ರಾವ್ ಎಂಬ ಮೂವರು ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ವಿದ್ಯುತ್ತು ಬೇಡ, ಸೂಕ್ಷ್ಮದರ್ಶಕ ಬೇಡ. ಪೋಷಕದ್ರವ್ಯವನ್ನು ಹೀರಿಸಿ ಒಣಗಿಸಿದ ಕಾಗದದ ತುಂಡಿರುವ ಸೀಸೆಗೆ ನೀರು ತುಂಬಿ ಬೆಚ್ಚಗಿನ ಕಡೆಯಲ್ಲಿ ಒಂದು ರಾತ್ರಿಯೋ ಒಂದು ದಿನವೋ ಇಟ್ಟರೆ ಸಾಕು. ಮಲದೊಡನೆ ಬರುವ ಜೀವಾಣುಗಳು ಹೊರಹಾಕುವ ಹೈಡ್ರೊಜನ್ ಸಲ್ಫೈಡ್ ಅನಿಲವು ಕಬ್ಬಿಣದ ಅಂಶದೊಡನೆ ಕೂಡಿ ನೀರನ್ನು ಕಪ್ಪಾಗಿಸುತ್ತದೆ. ನೆಲದೊಳಗೆ ಸ್ವಭಾವತಃ ಗಂಧಕವುಳ್ಳ ನೀರು ಕೆಲವೊಮ್ಮೆ ಹುಸಿಯಾಗಿ ಕಪ್ಪಾಗಬಹುದಾದುದರಿಂದ ಇದು ಪ್ರಯೋಗಶಾಲೆಯ ಪ್ರತಿನಿಧಿಯಲ್ಲ. ಆದರೆ ಎಚ್ಚರಿಸುವುದಕ್ಕೆ ಇದಕ್ಕಿಂತ ಸುಲಭವಾದ ಸಾಕ್ಷಿಯಿಲ್ಲ. ಕಪ್ಪಾದ ಸೀಸೆಯನ್ನು ಓದುವುದಕ್ಕೆ ಯಾರ ಸಹಾಯವೂ ಬೇಡ.

ಸೀಸೆಯು ಹೇಳುವುದು ಆ ದಿನದ ನೀರಿನ ಮಾತನ್ನು ಮಾತ್ರ. ಚೈತ್ರದಲ್ಲಿ ನಿರ್ಮಲವಾಗಿದ್ದ ಬಾವಿಗೆ ಮುಂಗಾರಿನ ಮೊದಲ ಮಳೆನೀರು ತಿಪ್ಪೆಯನ್ನು ತೊಳೆದುಕೊಂಡು ಬಂದು ಸೇರಿದರೆ ಹಿಂದಿನ ತೀರ್ಪು ರದ್ದಾಗುತ್ತದೆ. ಆದುದರಿಂದ ನೀರಿನ ಪರೀಕ್ಷೆಯು ಅಧಿಕಾರಿಯೊಬ್ಬನು ವರ್ಷಕ್ಕೊಮ್ಮೆ ಬಂದು ಮುಗಿಸಿಹೋಗುವ ವಿಧಿಯಾಗಿರದೆ, ಬಾವಿಯ ಬಳಿ ದಿನವೂ ನಿಲ್ಲುವವರ ನಿತ್ಯಕರ್ಮವಾಗಬೇಕು. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಒಂದೊಂದು ಹಳ್ಳಿಯಲ್ಲಿಯೂ ಐವರು ಹೆಂಗಸರಿಗೆ ನೀರನ್ನು ಪರೀಕ್ಷಿಸುವ ತರಬೇತಿಯನ್ನು ಕೊಡಬೇಕೆಂದು ನಿಯಮಿಸಿದುದನ್ನು ಕೇಳಿದಾಗ ನನಗೆ ಸಮಾಧಾನವೆನಿಸಿತು. ತೊಗರಿಬೇಳೆಯನ್ನು ಬೇಯಿಸಿ ನೀರಿನ ಗುಣವನ್ನು ನಿರ್ಣಯಿಸಿದವರು, ಬಾವಿಗಳಿಗೆ ಹೆಸರಿಟ್ಟವರು ಅವರೇ ಅಲ್ಲವೆ? ಅವರ ವಿದ್ಯೆಗೆ ಕೊರತೆಯಾಗಿದ್ದುದು ಒಂದು ಸೀಸೆ ಮಾತ್ರ. ಸಂಜೆ ತುಂಬಿಟ್ಟ ಆ ಸೀಸೆಯನ್ನು ಅವರಲ್ಲೊಬ್ಬಳು ಮುಂಜಾನೆ ಬೆಳಕಿಗೆ ಹಿಡಿದು ನೋಡಿ, ಇಂದು ಈ ಬಾವಿಯ ನೀರನ್ನು ಕಾಯಿಸದೆ ಕುಡಿಯಬೇಡಿರೆಂದು ಎಲ್ಲ ಕೇರಿಗಳ ಬಾಗಿಲಿಗೂ ಹೋಗಿ ಹೇಳಿದಳೆಂದರೆ, ಆ ಊರಿಗೆ ತನ್ನ ನೀರು ತಿಳಿದಿದೆ.